ಆರಾಮ ಅದೀನ್ರಿ

ಫೋನು ಬಂದಾಗ ಯಂಕಮ್ಮ ಹಿತ್ತಲಲ್ಲಿ ಒಳಕಲ್ಲಿನ ಮುಂದೆ ಕೂತು ಶೇಂಗಾ ಚಟ್ನಿ ಅರೆಯುತ್ತಿದ್ದಳು. ಪಡಸಾಲೆಯಿಂದ ಗಂಡನ ದನಿ ಕೇಳಿಸಿತು.

“ಆರಾಮ ಅದೀನ್ರಿ ಯವ್ವ. ನೀವು ಆರಾಮ?... ಊಟ ಆತಾ?... ಇನ್ನೂ ಆಗಿಲ್ಲಾ? ಇಷ್ಟೊತ್ತಾದ್ರೂ ಉಣ್ಣದಿದ್ರ ಹೆಂಗವ್ವ? ಮೊದಲು ಉಂಡು ಬಾ ಹೋಗು.”

ಯಾರೋ ನೆಂಟರಿರಬೇಕು ಎಂದುಕೊಂಡು ಅವಳು ಗುಂಡು ತಿರುಗಿಸಿದಳು. ಚಟ್ನಿ ಬಳಿದುಕೊಂಡು ಒಳಗೆ ಬಂದರೆ ಪಾಲಯ್ಯ ಮಂಚದ ಮೇಲೆ ಕೂತು, ಫೋನನ್ನು ಮೂಗಿನ ಹತ್ತಿರ ಹಿಡಿದು, ಯಾವುದೋ ಅಂಕಿಯನ್ನು ಬಹಳ ಜೋಪಾನವಾಗಿ ಒತ್ತುತ್ತಿದ್ದ.

“ಯಾರದು ಮಾಮ?”

“ಇನ್ಶೂರೆನ್ಸ್ ಕಂಪನಿಯಾಕಿ. ಸಿಂಧು ಅಂತ ಹೆಸರು. ಭಾಳ ಒಳ್ಳೆ ಹುಡುಗಿ. ನನ್ನ ಕೂಡ ಮಾತಾಡಿದ್ದಕ್ಕ ಒಂದರಿಂದ ಐದರ ತನಕ ಮಾರ್ಕು ಕೊಡ್ರಿ ಅಂದ್ಲು. ಐದು ಕೊಟ್ಟೆ. ಪಾಪ, ಉಂಡಿದ್ದಿಲ್ಲ ಆಕಿ.”

“ಆಕಿ ಉಂಡರೇನು ಬಿಟ್ಟರೇನು! ನಿನಗೇನು ಕೇಳಿದ್ಲು?”

“ಆರಾಮ ಅದೀರೇನು ಅಂದ್ಲು.”

“ನೀ ಏನಂದಿ?”

ಪಾಲಯ್ಯ ಹೆಂಡತಿಯನ್ನು ವಿಚಿತ್ರವಾಗಿ ನೋಡಿದ. “ಆರಾಮ ಅದೀನಿ ಅಂದೆ. ಮತ್ತೇನಂತಾರ?”

ಅದರಲ್ಲಿ ತಪ್ಪೇನೂ ಆಗ ಯಂಕಮ್ಮನಿಗೂ ಕಾಣಲಿಲ್ಲ. ಈ ಸೀಮೆಯಲ್ಲಿ ‘ಆರಾಮ?’ ಎಂಬುದು ಪ್ರಶ್ನೆಯೇ ಅಲ್ಲ. ಅದು ಕೈ ಮುಗಿದ ಹಾಗೆ. ಎದುರಿನವನು ಮುಗಿದರೆ ನಾವೂ ಮುಗಿಯುತ್ತೇವೆ, ಅಷ್ಟೇ. ದಾರಿಯಲ್ಲಿ ಸಿಕ್ಕವನನ್ನು ‘ಆರಾಮೇನಪಾ?’ ಅಂದರೆ ‘ಆರಾಮ’ ಅನ್ನುತ್ತಾನೆ. ‘ಎಲ್ಲಿಗೆ ಹೊಂಟಿ?’ ಅಂದರೆ ‘ಮಣ್ಣಿಗೆ. ಅಪ್ಪ ಹೋದ’ ಅನ್ನುತ್ತಾನೆ. ಎರಡು ಮಾತಿಗೂ ಜಗಳವಿಲ್ಲ. ಮೊದಲನೆಯದು ಮರ್ಯಾದೆ, ಎರಡನೆಯದು ಸಮಾಚಾರ. ನಡುವೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂತವನಿಗೆ ಮಾತ್ರ ಸಮಾಚಾರ ಸಿಗುತ್ತದೆ. ಕಂಪನಿಗೆ ಅಷ್ಟು ಪುರಸೊತ್ತು ಎಲ್ಲಿಂದ ಬರಬೇಕು?

ಅದರಲ್ಲೂ ಪಾಲಯ್ಯ. ಯಂಕಮ್ಮನ ತಾಯಿಯ ಕೊನೆಯ ತಮ್ಮ. ಮಾಮನನ್ನೇ ಮದುವೆಯಾದವಳು ಅವಳು. ಸಿರುಗುಪ್ಪದ ಅಕ್ಕಿ ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಮದುವೆಯಾದ ಹೊಸತರಲ್ಲಿ ಆವಿ ತಗುಲಿ ಮೊಣಕಾಲಿನ ಚರ್ಮ ಸುಲಿದು ಹೋಗಿತ್ತು. ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೋಗುವಾಗ, ದಾರಿಯುದ್ದಕ್ಕೂ ಇಣುಕಿ ‘ಏನು ಪಾಲಣ್ಣ, ಆರಾಮ?’ ಎಂದವರಿಗೆಲ್ಲ ಮಲಗಿದಲ್ಲಿಂದಲೇ ‘ಆರಾಮ’ ಅನ್ನುತ್ತ ಹೋಗಿದ್ದ. ಅಂಥ ಮನುಷ್ಯ.

ಕಳೆದ ವರ್ಷ ಒಸಡಿನಲ್ಲಿ ರಕ್ತ ಬರತೊಡಗಿತು. ಎಡಗಡೆಯ ಹೊಟ್ಟೆ ಗಟ್ಟಿಯಾಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ವರದಾ ರಕ್ತ ಪರೀಕ್ಷೆ ಮಾಡಿಸಿ, ರಕ್ತದ ಕ್ಯಾನ್ಸರ್ ಎಂದರು. ಹೆದರಬೇಡಿ, ಇದಕ್ಕೆ ಈಗ ಗುಳಿಗೆ ಇವೆ, ನುಂಗಿಕೊಂಡು ಮೊದಲಿನ ಹಾಗೆ ಇರಬಹುದು ಎಂದೂ ಅಂದರು. ಆದರೆ ಅದರಲ್ಲಿ ಎರಡು ಜಾತಿಯ ಗುಳಿಗೆ. ಹಳೆಯದು, ಹೊಸದು. ಪಾಲಯ್ಯನ ರೋಗ ಹಳೆಯ ಗುಳಿಗೆಗೆ ಬಗ್ಗುವುದಲ್ಲ ಎಂದು ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಡಾಕ್ಟರಮ್ಮ ಹೊಸದನ್ನೇ ಬರೆದುಕೊಟ್ಟರು. ಒಂದು ಡಬ್ಬಿ ಕೊಳ್ಳಬೇಕೆಂದರೆ ಮನೆಯನ್ನೇ ಮಾರಬೇಕು. ಆದರೇನು, ವಿಮೆ ಇತ್ತಲ್ಲ! ಮಿಲ್ಲಿನ ಮಾಲೀಕ ತನ್ನ ಆಳುಗಳಿಗೆಲ್ಲ ವಿಮೆ ಮಾಡಿಸಿದ್ದ. ಆ ದಿನ ಪೇಢೆ ಹಂಚಿ, ಶಾಲು ಹೊದ್ದು, ಫೋಟೋ ತೆಗೆಸಿಕೊಂಡು, ಅದನ್ನು ತೂಕದ ಕಟ್ಟೆಯ ಮೇಲೆ ನೇತುಹಾಕಿದ್ದ. ಫೋಟೋದಲ್ಲಿ ಪಾಲಯ್ಯನೂ ಇದ್ದಾನೆ, ಹಿಂದಿನ ಸಾಲಿನಲ್ಲಿ, ಪೇಢೆ ಹಿಡಿದುಕೊಂಡು.

ಆ ಪೇಢೆಯ ಒಳಗಿನ ಕಲ್ಲು ಹಲ್ಲಿಗೆ ಸಿಕ್ಕಿದ್ದು ಆಸ್ಪತ್ರೆಯ ವಿಮಾ ಮೇಜಿನ ಮುಂದೆ. ಅಲ್ಲಿ ಕೂರುವ ಹುಡುಗ ಸುಜಯೀಂದ್ರ. ಸತ್ಯನಾರಾಯಣಪೇಟೆಯವನು, ಹಣೆಗೆ ಅಕ್ಷತೆ, ಎದುರಿಗೆ ಕಂಪ್ಯೂಟರು. ಮನುಷ್ಯ ಕೆಟ್ಟವನಲ್ಲ. ಹೇಳಬೇಕಾದ ಮಾತು ಕೆಟ್ಟದ್ದು.

“ಅಮ್ಮಾರ, ಕಂಪನಿ ನಿಯಮ ಹಿಂಗದರಿ. ಮೊದಲು ಹಳೇ ಗುಳಿಗಿ ನುಂಗಬೇಕು. ಅದು ಫೇಲ್ ಆದರ ಹೊಸಾದು ಕೊಡ್ತಾರ.”

“ಅದು ಇವನಿಗೆ ಹಿಡಿಯಂಗಿಲ್ಲಂತ ಡಾಕ್ಟರಮ್ಮನ ಬರದಾಳಲ್ಲಪ್ಪ.”

“ಬರದಾರ. ಆದ್ರ ಹಿಡಿಯೂದಿಲ್ಲ ಅನ್ನೂದು ಬ್ಯಾರೆ, ಫೇಲ್ ಆಗೂದು ಬ್ಯಾರೆ ಅಂತಾರ ಅವರು. ಫೇಲ್ ಆಗಿದ್ದು ಕಾಣಬೇಕಂತ.”

“ನಾ ಏಳನೇತ್ತೆ ಫೇಲ್ ಆದಾಗ ನಮ್ಮ ಸಾಲ್ಯಾಗ ನನ್ನ ಮುಂದಿನ ಕ್ಲಾಸಿಗೆ ಬಿಡಲಿಲ್ಲ,” ಎಂದಳು ಯಂಕಮ್ಮ. “ನಿಮ್ಮ ಕಂಪನಿ ಫೇಲ್ ಆದವರನ್ನಷ್ಟೇ ಮುಂದಿನ ಕ್ಲಾಸಿಗೆ ಬಿಡ್ತೈತೇನು? ಯಾವ ಮಾಸ್ತರ ಕಲಿಸಿದ್ದಪ್ಪ ಇದನ್ನ? ಗುಳಿಗಿ ಫೇಲ್ ಆಗ್ಬೇಕಂದ್ರ ನನ್ನ ಮಾಮ ಫೇಲ್ ಆಗ್ಬೇಕು. ಅದು ತಿಳೀತದೇನು ಅವರಿಗೆ?”

ಸುಜಯೀಂದ್ರ ಕಂಪ್ಯೂಟರಿನ ಕಡೆ ನೋಡಿದ.

ಹಾಗಾಗಿ ಪಾಲಯ್ಯ ಹಿಡಿಯದ ಗುಳಿಗೆಯನ್ನು ನುಂಗಿದ. ಬೆಳಿಗ್ಗೆ ನುಂಗುವುದು, ಹಿತ್ತಲಿಗೆ ಹೋಗಿ ಕಕ್ಕುವುದು, ಬಾಯಿ ತೊಳೆದುಕೊಂಡು ಬಂದು ‘ಏನಿಲ್ಲ’ ಅನ್ನುವುದು. ಗುಳಿಗೆಗೆ ಮುಖ ಊದಿಕೊಂಡಿತು. ಕಣ್ಣಿನ ಕೆಳಗೆ ನೀರು ತುಂಬಿ ಕೆನ್ನೆ ದುಂಡಗಾದವು. ಊರಿನ ಜನಕ್ಕೆ ಅದು ಬೇರೆಯೇ ಕಂಡಿತು. ‘ಮನ್ಯಾಗ ಕುಂತು ಉಂಡು ಮೈ ತುಂಬಿಕೊಂಡೀಯಲ್ಲೋ ಪಾಲಣ್ಣ’ ಎಂದು ನಕ್ಕರು. ಅವನೂ ನಕ್ಕ. ಯಂಕಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ಹಾಗೆ ಅಂದವರ ಕೆನ್ನೆಗೆ ಎರಡು ಬಿಟ್ಟು ಅವರನ್ನೂ ಮೈ ತುಂಬಿಸಬೇಕು ಅನ್ನಿಸುತ್ತಿತ್ತು.

ಕಂಪನಿ ಹೇಳಿದಷ್ಟು ತಿಂಗಳು ನುಂಗಿ ಮುಗಿಸಿದ ಮೇಲೆ ಡಾಕ್ಟರಮ್ಮ ಮತ್ತೆ ರಕ್ತ ತೆಗೆಸಿದರು. ರೋಗ ಕಡಿಮೆಯಾಗಿರಲಿಲ್ಲ, ಏರಿತ್ತು. ಮತ್ತೆ ಹೊಸ ಗುಳಿಗೆಗೆ ಬರೆದು ಕಳಿಸಿದರು. ಇನ್ನೇನು ಡಬ್ಬಿ ಬಂದೇ ಬರುತ್ತದೆ ಎಂದು ಕೂತಿದ್ದಾಗಲೇ ಆ ಫೋನು ಬಂದದ್ದು.

ವಾರ ಕಳೆದು ಗಂಡ ಹೆಂಡತಿ ಬಳ್ಳಾರಿಗೆ ಹೋದರು. ಸುಜಯೀಂದ್ರ ಇವರನ್ನು ಕಂಡೊಡನೆ ಕುರ್ಚಿಯಲ್ಲಿ ನೆಟ್ಟಗಾದ.

“ಬಂದಿಲ್ಲರಿ ಅಮ್ಮಾರ. ರಿಜೆಕ್ಟ್ ಆಗೇದ.”

“ಯಾಕ?”

ಅವನು ಕಂಪ್ಯೂಟರು ನೋಡಿ ಓದಿದ. “‘ರೋಗಿಯು ತಾನು ಆರಾಮವಾಗಿರುವುದಾಗಿ ಕರೆಯಲ್ಲಿ ಸ್ವತಃ ದೃಢಪಡಿಸಿದ್ದಾರೆ. ಈಗಿನ ಔಷಧ ವಿಫಲವಾಗಿಲ್ಲ. ಅದನ್ನೇ ಮುಂದುವರಿಸುವುದು.’” ಕೆಳದನಿಯಲ್ಲಿ ಸೇರಿಸಿದ, “‘ರೋಗಿಯು ಕರೆಗೆ ಐದಕ್ಕೆ ಐದು ಅಂಕ ನೀಡಿದ್ದಾರೆ’ ಅಂತನೂ ಬರದಾರ.”

ಯಂಕಮ್ಮ ಗಂಡನ ಕಡೆ ತಿರುಗಿದಳು. ಪಾಲಯ್ಯ ಚಪ್ಪಲಿ ನೋಡಿಕೊಂಡ.

“ರಕ್ತ ನೋಡಿಲ್ಲೇನು ಅವರು?” ಎಂದಳು. “ಇವನ ಮೈಯಾಗಿನ ರಕ್ತ ಬಾಟ್ಲಿಗಟ್ಲೆ ಹೀರಿ ಪರೀಕ್ಷಾ ಮಾಡೀರಿ. ಅದು ಬಾಯಿಬಿಟ್ಟು ಹೇಳೈತಿ. ಅದರ ಮಾತು ಸುಳ್ಳು, ಈ ಭೋಳೆ ಮನಶ್ಯಾನ ‘ಆರಾಮ’ ಖರೇ ಆತೇನು?”

“ರಿಪೋರ್ಟು ಕಳಿಸೀನ್ರಿ. ಅವರು ಅದಕ್ಕಿಂತ ರೋಗಿ ಬಾಯಿಲೆ ಹೇಳಿದ್ದಕ್ಕ ತೂಕ ಕೊಟ್ಟಾರ.”

“ಹಂಗಂದ್ರ ಡಾಕ್ಟರು ಯಾಕ ಬೇಕು? ಊರಾಗ ಡಂಗುರ ಹೊಡೆಸ್ರಿ. ಆರಾಮ ಅದೀರೇನ್ರೋ ಅಂತ ಕೇಳ್ರಿ. ಇಡೀ ಸಿರುಗುಪ್ಪ ಆರಾಮ ಅಂತೈತಿ. ದವಾಖಾನಿ ಬಾಗಲಾ ಹಾಕ್ಕೊಂಡು ಎಲ್ಲಾರೂ ಮನಿಗೆ ಹೋಗ್ರಿ!”

ಸಾಲಿನಲ್ಲಿ ಹಿಂದೆ ನಿಂತಿದ್ದವರು ನಕ್ಕರು. ನಕ್ಕವರ ಕೈಯಲ್ಲೂ ಇಂಥದೇ ಕಾಗದಗಳಿದ್ದವು.

ಡಾಕ್ಟರ್ ವರದಾ ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಅವರ ಮುಖದಲ್ಲೂ ಸಿಟ್ಟಿತ್ತು, ಆದರೆ ಓದಿದವರ ಸಿಟ್ಟು, ಬಾಯಿಗೆ ಬರುವುದಿಲ್ಲ.

“ಯಂಕಮ್ಮ, ನಾ ಮತ್ತ ಬರೀತೀನಿ. ಅವರು ಮತ್ತ ಒಮ್ಮೆ ಫೋನ್ ಮಾಡ್ತಾರ. ಈ ಸಲ ತಪ್ಪಬಾರದು. ಹಿಂಗೇ ಬಿಟ್ಟರ ರೋಗ ಸೊಕ್ಕತದ. ಒಮ್ಮೆ ಸೊಕ್ಕಿತು ಅಂದ್ರ ಹೊಸ ಗುಳಿಗಿಗೂ ಬಗ್ಗೂದಿಲ್ಲ. ಈಗ ಕೊಟ್ಟರ ಉಳೀತಾರ. ಆಮ್ಯಾಲೆ ಕೊಟ್ಟರ ಉಪಯೋಗಿಲ್ಲ.”

“ನಾ ಮಾತಾಡ್ತೀನಿ ಬಿಡ್ರಿ ಅವರ ಕೂಡ.”

“ನೀವಲ್ಲ. ರೋಗಿನೇ ಮಾತಾಡಬೇಕು. ಪಾಲಯ್ಯ, ಕೇಳಿಸ್ತೇನು? ಆರಾಮಿಲ್ಲ ಅಂತ ನೀವೇ ಹೇಳಬೇಕು.”

“ಹೂನ್ರಿ ಯವ್ವ,” ಎಂದ ಪಾಲಯ್ಯ. ಏಳುವಾಗ ರೂಢಿಯಂತೆ ಕೈ ಮುಗಿದು, “ನೀವು ಆರಾಮ ಅದೀರಲ್ರಿ?” ಎಂದ. ಡಾಕ್ಟರಮ್ಮನೂ ರೂಢಿಯಂತೆ “ಆರಾಮ” ಎಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡರು. ಮೂರು ದಿನದಿಂದ ಅವರಿಗೆ ಜ್ವರ. ದನಿಯೇ ಕುಗ್ಗಿಹೋಗಿತ್ತು.

ರೋಗಿಯೇ ಮಾತಾಡಬೇಕು ಅಂದಮಾತ್ರಕ್ಕೆ ಸುಮ್ಮನೆ ಬಸ್ಸು ಹತ್ತಿದರೆ ಅವಳು ಯಂಕಮ್ಮನೇ ಅಲ್ಲ. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನಿಂತು ಕಂಪನಿಯ ಪುಕ್ಕಟೆ ನಂಬರಿಗೆ ಫೋನು ಮಾಡಿದಳು. ಒಂದು ಮಿಷನ್ನು ಕನ್ನಡಕ್ಕೆ ಎರಡು ಒತ್ತಿ ಎಂದಿತು. ಒತ್ತಿದಳು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದಿತು. ಹಾಡು ಹಾಕಿತು. ಮತ್ತೆ ಮುಖ್ಯ ಎಂದಿತು, ಮತ್ತೆ ಹಾಡು. ಕೊನೆಗೆ ಒಬ್ಬ ಗಂಡಸು ಸಿಕ್ಕು, ‘ಮೇಡಂ, ಹೇಗಿದ್ದೀರಾ?’ ಎಂದ. ಆಗ ಯಂಕಮ್ಮ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಗಿಡದ ಕೆಳಗೆ ಶೇಂಗಾ ಮಾರುತ್ತಿದ್ದವಳು ತನ್ನ ಬುಟ್ಟಿಯನ್ನು ಎತ್ತಿಕೊಂಡು ಆಚೆ ಹೋಗಿ ಕೂತಳು. ಕಂಪನಿಯವನು ಮಾತ್ರ ತಣ್ಣಗೆ, ‘ರೋಗಿಯ ಕಡೆಯವರು ನಿಂದಿಸಿದ್ದಾರೆ ಅಂತ ನೋಟ್ ಮಾಡಿಕೊಂಡಿದ್ದೇನೆ ಮೇಡಂ, ಇನ್ನೇನಾದರೂ ಸಹಾಯ ಬೇಕಿತ್ತಾ?’ ಎಂದು ಇಟ್ಟುಬಿಟ್ಟ. ಬೈದರೂ ತಾಗದ ಜಾತಿ. ಎಮ್ಮೆಗೆ ಒಂದು ಏಟು ಬಿದ್ದರೆ ಕಿವಿಯನ್ನಾದರೂ ಆಡಿಸುತ್ತದೆ.

ಸಿರುಗುಪ್ಪದ ಬಸ್ಸಿನಲ್ಲಿ ಪಾಠ ಶುರುವಾಯಿತು.

“ಅನ್ನು ಮಾಮ. ಆರಾಮಿಲ್ಲ.”

“ಬಸ್ಸಿನ್ಯಾಗ ಬ್ಯಾಡಲೇ.”

“ಇಲ್ಲೇ ಅನ್ನು. ನಾಚಿಕಿ ಬಿಟ್ಟು ಹೋಗ್ಲಿ.”

“ಆರಾಮ... ಹಂಗ ಹೆಂಗ ಅಂತಾರಲೇ ಯಂಕಿ? ಕೇಳಿದವರು ಪಾಪ ಏನು ಮಾಡಬೇಕು ಆಗ? ಅವರ ತಲಿಮ್ಯಾಲೆ ಕಲ್ಲು ಹೊರಿಸಿದಂಗ ಆಗ್ತೈತಿ.”

“ಹೊರಿಸು! ದೊಡ್ಡ ಕಲ್ಲನ್ನ ಹೊರಿಸು. ಅವರು ನಿನ್ನ ತಲಿಮ್ಯಾಲೆ ಗುಡ್ಡಾನ ಇಟ್ಟಾರ.”

ತೆಕ್ಕಲಕೋಟೆಯಲ್ಲಿ ಆದೋನಿಯ ಅಕ್ಕಿ ದಲಾಲಿಯೊಬ್ಬ ಹತ್ತಿದ. ಮಿಲ್ಲಿಗೆ ಬಂದು ಹೋಗುವವನು, ಪಾಲಯ್ಯನ ಗುರುತಿನವನು. ಕಂಬಿ ಹಿಡಿದುಕೊಂಡೇ ತೆಲುಗಿನಲ್ಲಿ ಕೂಗಿದ.

“ಏಂ ಪಾಲಯ್ಯ, ಬಾಗುನ್ನಾವಾ?”

“ಬಾಗುನ್ನಾನಣ್ಣಾ. ಮೀರು ಬಾಗುನ್ನಾರಾ?”

ಯಂಕಮ್ಮ ಗಂಡನ ತೊಡೆ ಚಿವುಟಿದಳು. “ಕನ್ನಡದಾಗ ಬಾಯಿ ಬರಂಗಿಲ್ಲ, ತೆಲುಗಿನ್ಯಾಗರ ಖರೇ ಹೇಳ್ತೀ ಅಂತ ನೋಡಿದ್ನಿ. ಅದರಾಗೂ ಸುಳ್ಳ! ಉರ್ದು ಒಂದು ಉಳೀತು ನೋಡು.”

ಪಾಲಯ್ಯ ಚಿವುಟಿಸಿಕೊಂಡ ತೊಡೆ ಉಜ್ಜುತ್ತ ಕಿಟಕಿಯ ಆಚೆ ನೋಡಿದ. ಅವಳಿಗಷ್ಟೇ ಕೇಳುವಂತೆ, “ಆರಾಮಿಲ್ಲ ಅಂದ್ರ ಅದು ಖರೇ ಆಗ್ತೈತಿ ಯಂಕಿ,” ಎಂದ. ಅವಳಿಗೆ ಕೇಳಿಸಿತು. ಕೇಳಿಸಲಿಲ್ಲ ಎಂಬಂತೆ ಟಿಕೇಟು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ಮನೆಯಲ್ಲೂ ಪಾಠ ನಡೆಯಿತು. ಅವಳು ಕಂಪನಿಯಾಕೆ ಆಗುವುದು, ಅವನು ರೋಗಿಯಾಗುವುದು. ರೋಗಿಯೇ ಆದವನಿಗೆ ರೋಗಿಯ ವೇಷ ಕಟ್ಟಲು ಬರುತ್ತಿರಲಿಲ್ಲ. ಹತ್ತು ಸಲ ಕೇಳಿದರೆ ಒಂಬತ್ತು ಸಲ ‘ಆರಾಮ’ ಬಾಯಿಂದ ಜಾರುತ್ತಿತ್ತು. ಹತ್ತನೆಯ ಸಲ ನಗು ಬರುತ್ತಿತ್ತು. ಯಂಕಮ್ಮ ಕಂಪನಿಗೆ ಬೈಯುವಳು, ಅವನಿಗೂ ಬೈಯುವಳು, ಕೊನೆಗೆ ಒಲೆಯ ಮುಂದೆ ಕೂತು ಒಬ್ಬಳೇ ಬೈಯುವಳು. ಈ ನಿಯಮ ಬರೆದವನು ಯಾವನೋ ಏನೋ! ತಂಪು ಕೋಣೆಯಲ್ಲಿ ಕೂತು ಬರೆದಿರುತ್ತಾನೆ. ಅವನಿಗೆ ಜನ್ಮದಲ್ಲಿ ಹಲ್ಲುನೋವೂ ಬಂದಿರಲಿಕ್ಕಿಲ್ಲ. ಮನುಷ್ಯ ಸಾಯುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಫೋನಿನಲ್ಲಿ ಯೋಗಕ್ಷೇಮ ಕೇಳುವ ಬುದ್ಧಿ ಓದಿದವರಿಗೆ ಮಾತ್ರ ಹೊಳೆಯಬೇಕು.

ಅಷ್ಟರಲ್ಲಿ ಕುರುಗೋಡಿನಿಂದ ಕರೆ ಬಂತು. ಯಂಕಮ್ಮನ ತಮ್ಮ ಎರ್ರಿಸ್ವಾಮಿಯ ಮಗಳು ಸುನಂದಾ ತುಂಬಿದ ಬಸುರಿ, ಅವಳಿಗೆ ಸೀಮಂತದ ಕುಬಸ. ಹೋಗದಿದ್ದರೆ ತವರಿನ ಬಾಗಿಲು ಮುಚ್ಚಿದಂತೆ. ಹೋದರು. ದೊಡ್ಡಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಎರ್ರಿಸ್ವಾಮಿಯ ಮನೆ. ಪಡಸಾಲೆಯ ತುಂಬ ಹೆಂಗಸರು, ಹಸಿರು ಬಳೆ, ಹೂವಿನ ದಂಡೆ. ಹುಡುಗಿ ನಡುವೆ ಮಣೆಯ ಮೇಲೆ ಹಸಿರು ಸೀರೆಯುಟ್ಟು ಕೂತಿದ್ದಳು. ಬಂದವರೆಲ್ಲ ಪಾಲಯ್ಯನನ್ನು ‘ಆರಾಮ?’ ಎಂದರು. ಅವನು ಎಲ್ಲರಿಗೂ ‘ಆರಾಮ’ ಎಂದ. ಕುಬಸದ ಮನೆಯಲ್ಲಿ ಬೇರೇನನ್ನಬೇಕು? ಯಂಕಮ್ಮನೂ ಅಂದು ಚಿವುಟಲಿಲ್ಲ.

ಆರತಿ ಎತ್ತುವ ಹೊತ್ತಿಗೆ ಫೋನು ರಿಂಗಾಯಿತು.

ನಂಬರು ನೋಡಿದ್ದೇ ಯಂಕಮ್ಮ ಅದನ್ನು ಗಂಡನ ಕೈಯಿಂದ ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಅವನ ಬಾಯಿಯ ಮುಂದೆ ಹಿಡಿದಳು.

“ನಮಸ್ತೆ ಸರ್, ಸಿಂಧು ಮಾತಾಡ್ತಿರೋದು. ಈ ಕರೆ ರೆಕಾರ್ಡ್ ಆಗ್ತಿದೆ. ನಿಮ್ಮ ಮೇಲ್ಮನವಿ ಬಗ್ಗೆ ಒಂದು ಪ್ರಶ್ನೆ ಇತ್ತು.”

“ಹೇಳವ್ವ. ಊಟ ಆತಾ?”

“ಆಯ್ತು ಸರ್. ಸರ್, ನೀವು ಈಗ ತಗೊಳ್ತಿರೋ ಔಷಧದಲ್ಲಿ ಆರಾಮಾಗಿದ್ದೀರಾ?”

ಆರತಿ ತಟ್ಟೆ ಹಿಡಿದವರು ಹಿಡಿದಂತೆಯೇ ನಿಂತರು. ಪಾಲಯ್ಯ ಬಸುರಿ ಹುಡುಗಿಯ ಕಡೆ ನೋಡಿದ. ಅವಳು ಅವನ ಕೈಮೇಲೆ ಆಡಿ ಬೆಳೆದವಳು.

“ಅವ್ವಾ, ಇವತ್ತು ನಮ್ಮ ಹುಡುಗಿ ಕುಬಸ ಐತಿ. ನಾಳೆ ಕೇಳ್ತೀಯೇನು?”

“ಆಗಲ್ಲ ಸರ್. ಇವತ್ತೇ ಕೇಸ್ ಕ್ಲೋಸ್ ಆಗುತ್ತೆ. ಒಂದೇ ಮಾತು ಸರ್. ಆರಾಮಾಗಿದ್ದೀರಾ, ಇಲ್ವಾ?”

ಮೂಲೆಯಲ್ಲಿ ಕೂತಿದ್ದ ಎರ್ರಿಸ್ವಾಮಿಯ ಅತ್ತೆ ಹಂಪಮ್ಮ ಕೈಯೆತ್ತಿದಳು. “ಬಸುರಿ ಮುಂದ ಕೆಟ್ಟ ಮಾತು ಬ್ಯಾಡಪ್ಪೋ.”

“ಆರಾಮ...” ಎಂದ ಪಾಲಯ್ಯ. ಅಲ್ಲಿಗೇ ನಿಂತ.

ನಮ್ಮ ಮಾತಿನ ಕಟ್ಟೇ ಹೀಗೆ. ಬದುಕುವುದೋ ಸಾಯುವುದೋ ಕೊನೆಯ ತುಣುಕಿನಲ್ಲಿ ಇರುತ್ತದೆ. ‘ಆರಾಮ’ ಆಗಲೇ ಗಾಳಿಗೆ ಬಿದ್ದಿತ್ತು. ಅದರ ಬಾಲಕ್ಕೆ ‘ಅದೀನಿ’ ಬರುತ್ತದೋ, ‘ಇಲ್ಲ’ ಬರುತ್ತದೋ. ಅವನ ತುಟಿ ‘ಅ’ಕಾರಕ್ಕೆ ತೆರೆಯುತ್ತಿರುವುದು ಅವಳಿಗೆ ಕಾಣಿಸಿತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ತುಟಿ ಗೊತ್ತಿಲ್ಲವೇ? ಅವನ ರಟ್ಟೆ ಹಿಡಿದು, ಹೆಂಗಸರನ್ನು ದಾಟಿಸಿಕೊಂಡು, ಹೊಸ್ತಿಲ ಆಚೆಗೆ, ಓಣಿಗೆ ಎಳೆದುಕೊಂಡು ಬಂದಳು. ಬಾಗಿಲನ್ನು ಹಿಂದಿನಿಂದ ಎಳೆದಳು.

“ಇಲ್ಲಿ ಯಾರಿಲ್ಲ. ಇದು ಮನೀನೂ ಅಲ್ಲ. ಈಗ ಹೇಳು.”

“ಹಲೋ? ಸರ್? ಲೈನಲ್ಲಿದ್ದೀರಾ?”

ಪಾಲಯ್ಯ ಫೋನಿನ ಕಡೆ ನೋಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಊದಿದ ಮುಖವನ್ನು ಹೆಂಡತಿಯ ಕಡೆಗೆ ತಿರುಗಿಸಿದ. ಕಂಪನಿಯವಳಿಗೆ ಹೇಳಲು ಅವನಿಂದ ಆಗುವಂತಿರಲಿಲ್ಲ. ಹೇಳುವುದಾದರೆ ಒಬ್ಬಳಿಗೇ ಹೇಳಬೇಕಿತ್ತು. ಅವಳಿಗೇ ಇಷ್ಟು ದಿನ ಹೇಳಿರಲಿಲ್ಲ.

“ಯಂಕಿ,” ಎಂದ. “ನನಗ ಆರಾಮಿಲ್ಲಲೇ.”

ಅವಳು ಫೋನು ಹಿಡಿದ ಕೈ ಹಾಗೆಯೇ ಇತ್ತು.

“ಎಲುಬಿನಾಗ ಬೆಂಕಿ ಹಾಕಿದಂಗ ಆಗ್ತೈತಿ. ಬಾಯೆಲ್ಲ ಹುಣ್ಣು. ಖಾರ ತಿಂದು ಎಷ್ಟು ದಿನ ಆತೋ. ನೀ ಮಾಡಿದ ಚಟ್ನಿ ನಾಯಿಗೆ ಹಾಕ್ತೀನಿ, ಉಂಡೆ ಅಂತೀನಿ. ಮಿಲ್ಲಿನ ಸೀಟಿ ಕೇಳಿದ್ರ ಅಂಜಿಕಿ ಬರ್ತೈತಿ, ಆ ಬಾಯ್ಲರ್ ಮುಂದ ಇನ್ನೊಮ್ಮೆ ನಿಲ್ತೀನೋ ಇಲ್ಲೋ ಅಂತ. ನಿನಗ ಹೇಳಿದ್ರ ನೀ ಊರಾಗೆಲ್ಲ ಬೈಕೋತ ಅಡ್ಡಾಡ್ತಿ, ರಾತ್ರಿ ಅಳ್ತಿ ಅಂತ ಹೇಳಲಿಲ್ಲ. ಆರಾಮಿಲ್ಲ ನನಗ.”

ಫೋನಿನಲ್ಲಿ ಕೀಲಿಮಣೆಯ ಕಟಕಟ ಸದ್ದು ಕೇಳಿಸಿತು. ಅದು ನಿಂತಿತು.

“ಸರ್... ಹಾಗಾದ್ರೆ ‘ಇಲ್ಲ’ ಅಂತ ಹಾಕ್ಕೊಳ್ಳಲಾ?”

“ಹಾಕ್ಕೋ ನಮ್ಮವ್ವ,” ಎಂದಳು ಯಂಕಮ್ಮ. “ಹಾಕ್ಕೋ. ನಿನ್ನ ಕಂಪ್ಯೂಟರಿನ ಡಬ್ಬಿ ತುಂಬಿತೇನು? ತುಂಬಿದ್ರ ಇಡು.”

ಮಾರ್ಕು ಒತ್ತಿರಿ ಎಂದು ಮಿಷನ್ನು ಶುರುಮಾಡಿತು. ಯಂಕಮ್ಮ ಫೋನು ಆಫ್ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗಿನಿಂದ ಎರ್ರಿಸ್ವಾಮಿ ಬಾಗಿಲು ತೆಗೆದು ಇಣುಕಿ, “ಮಾಮ, ಆರಾಮ?” ಎಂದ. ಈ ಸಲ ಪಾಲಯ್ಯ ಉತ್ತರ ಕೊಡಲಿಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟ.

ಹ್ಞಾಂ, ಗುಳಿಗೆ ಬಂತು. ರಕ್ತದ ಕಾಗದಗಳು ಮಾಡಲಾಗದ್ದನ್ನು, ಡಾಕ್ಟರು ಎರಡು ಸಲ ಬರೆದರೂ ಆಗದ್ದನ್ನು, ‘ಇಲ್ಲ’ ಎಂಬ ಎರಡಕ್ಷರ ಮಾಡಿತು. ಸುಜಯೀಂದ್ರ ಡಬ್ಬಿ ಕೊಡುವಾಗ ನಕ್ಕ, ಯಂಕಮ್ಮನೂ ಅವನಿಗೆ ಅಂದು ಬೈಯಲಿಲ್ಲ. ಆದರೆ ಹುಡುಗ ಡಬ್ಬಿಯ ಮೇಲಿನ ಕೈ ಬಿಡದೆ ಇನ್ನೊಂದು ಮಾತು ಹೇಳಿದ.

“ಅಮ್ಮಾರ, ಇನ್ನ ಮ್ಯಾಲೆ ಅವರು ಫೋನ್ ಮಾಡಿದಾಗ ಆರಾಮಿಲ್ಲ ಅನ್ನಬಾರದ್ರಿ.”

“ಏನು?”

“ಹೊಸ ಗುಳಿಗಿಗೆ ನಿಯಮ ಬ್ಯಾರೆ ಅದ. ಗುಣ ಕಂಡರಷ್ಟೇ ಮುಂದಿನ ಡಬ್ಬಿ. ಆರಾಮಿಲ್ಲ ಅಂದ್ರ ಇದೂ ಫೇಲ್ ಅಂತ ನಿಲ್ಲಿಸ್ತಾರ. ಆರಾಮ ಅದೀನಿ ಅನ್ನಬೇಕು.”

ಯಂಕಮ್ಮ ಅವನನ್ನೇ ನೋಡಿದಳು. ಬೈಗುಳ ನಾಲಿಗೆಯ ತುದಿಗೆ ಬಂತು, ಸಾಲದು ಎನಿಸಿ ಒಳಗೇ ಉಳಿಯಿತು. ಇವರಿಗೆ ಸಾಕಾಗುವಷ್ಟು ದೊಡ್ಡ ಬೈಗುಳ ಅವಳ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಗಂಡನ ಕಡೆ ತಿರುಗಿ, “ಕೇಳಿದೇನು ಮಾಮ? ಈಗ ನಿನ್ನ ಸುಳ್ಳಿಗೆ ಬೆಲಿ ಬಂತು ನೋಡು,” ಎಂದಳು.

ಹೊಸ ಗುಳಿಗೆ ನುಂಗತೊಡಗಿದ ಮೇಲೆ ಮುಖದ ಬಾವು ಇಳಿಯಿತು. ಊರಿನವರು ‘ಸೊರಗೀಯಲ್ಲೋ ಪಾಲಣ್ಣ’ ಎಂದು ಮರುಗಿದರು. ಆದರೆ ಕುರುಗೋಡಿನ ಓಣಿಯ ಆ ಮಾತು ಆದಂದಿನಿಂದ ಯಂಕಮ್ಮನಿಗೆ ಒಂದು ಹೊಸ ಕಾಟ ಹತ್ತಿಕೊಂಡಿತ್ತು. ಅವನು ಉಂಡ ತಟ್ಟೆಯನ್ನು ನೋಡುವಳು. ಹಿತ್ತಲಿನ ನಾಯಿಯನ್ನು ನೋಡುವಳು. ನಾಯಿ ದಪ್ಪಗಾಗಿದೆಯೋ ಎಂದು ನೋಡುವಳು. ಅವನು ಏನೇ ಅಂದರೂ ಅದರ ಹಿಂದೆ ಏನಿದೆ ಎಂದು ಹುಡುಕುವಳು. ಮೊದಲು ‘ಆರಾಮ’ ಎಂದರೆ ಆರಾಮ ಆಗಿತ್ತು, ಅಥವಾ ಏನೂ ಆಗಿರಲಿಲ್ಲ. ಎರಡೂ ಚಂದವಿತ್ತು. ಕಂಪನಿ ಅದನ್ನೂ ಕೆಡಿಸಿತ್ತು.

ಒಂದು ಸಂಜೆ ಫೋನು ಬಂತು. ಅದೇ ಸಿಂಧು.

“ಸರ್, ಹೊಸ ಔಷಧದಲ್ಲಿ ಆರಾಮಾಗಿದ್ದೀರಾ?”

“ಆರಾಮ ಅದೀನ್ರಿ ಯವ್ವ. ನೀವು ಆರಾಮ?”

“ನಾನು...” ಈ ಕರೆಯೂ ರೆಕಾರ್ಡ್ ಆಗುತ್ತಿತ್ತು. “ಆರಾಮ ಸರ್. ಥ್ಯಾಂಕ್ಯೂ ಸರ್.”

ಪಾಲಯ್ಯ ಐದು ಒತ್ತಿದ. ಯಂಕಮ್ಮ ಎದುರಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

“ಆಕಿ ಬರಕೊಂಡ್ಲು, ಆಕಿ ಕೆಲಸ ಮುಗೀತು. ನನಗ ಹೇಳು. ಈಗ ಅಂದೆಲ್ಲ, ಅದು ಯಾವ ಆರಾಮ?”

ಪಾಲಯ್ಯ ಯೋಚನೆ ಮಾಡಿದ. “ಸ್ವಲ್ಪ ರೂಢಿದು ಐತಿ. ಸ್ವಲ್ಪ ಖರೇದು ಐತಿ.”

“ಖರೇದು ಎಷ್ಟೈತಿ?”

ಅವನು ಮೂಗೆತ್ತಿ ಗಾಳಿ ಹಿಡಿದ. ಬೀದಿಯ ತುದಿಯ ಬಂಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಕಡಲೆಹಿಟ್ಟು ಎಣ್ಣೆಗೆ ಬೀಳುವ ವಾಸನೆ ಮನೆಯವರೆಗೂ ಬರುತ್ತಿತ್ತು.

“ಆ ಮಿರ್ಚಿ ತಿನ್ನಬೇಕು ಅನಸಾಕತ್ತೈತಿ,” ಎಂದ.

ಯಂಕಮ್ಮ ಚಪ್ಪಲಿ ಸಹ ಹಾಕಿಕೊಳ್ಳದೆ ಹೋಗಿ ಕಾಗದದಲ್ಲಿ ಕಟ್ಟಿಸಿಕೊಂಡು ಬಂದಳು. ಒಂದನ್ನು ಅವನ ಕೈಗೆ ಕೊಟ್ಟು, ಹಿತ್ತಲ ಬಾಗಿಲು ಮುಚ್ಚಿ, ನಾಯಿಯನ್ನು ಆಚೆಗೆ ಅಟ್ಟಿ, ಅವನ ಮುಂದೆಯೇ ಕೂತಳು. ಪಾಲಯ್ಯ ತುದಿ ಕಚ್ಚಿದ. ಅಗಿದ. ಇನ್ನೊಂದು ತುಣುಕು ಕಚ್ಚಿದ. ಮೂಗು ಸೋರಿತು, ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾದವು. ಅವಳು ರೆಪ್ಪೆ ಹೊಡೆಯದೆ ನೋಡಿದಳು. ನುಂಗಿದ.

“ಹೆಂಗೈತಿ?”

“ಹಾ... ಖಾರ ಐತಲೇ! ಬಾಯಿ ಸುಟ್ಟು ಹೋತು. ನೀರು ಕೊಡು, ನೀರು! ನೋಡಿಕೋತ ಕುಂತಾಳ, ಹುಚ್ಚಿ!”

ಅವನು ಅವಳ ಮುಂದೆ ಹೀಗೆ ಬಾಯಿಬಿಟ್ಟು ದೂರಿದ್ದೇ ಇಲ್ಲ. ಯಂಕಮ್ಮ ಎದ್ದು ಹರವಿಯಿಂದ ನೀರು ತಂದಳು. ಚೊಂಬು ಅವನ ಕೈಗೆ ಕೊಡುವ ಮೊದಲು ಇನ್ನೂ ಒಂದಿಷ್ಟು ಹೊತ್ತು ತಡೆದು, ಅವನು ಹಾ ಹಾ ಎಂದು ಬೈಯುವುದನ್ನು ನಿಂತು ಕೇಳಿದಳು.